850 ತಿಮಿಂಗಿಲ ಯಾಕೆ ಬೇಕಿತ್ತು?

ಜಪಾನಿನ ನಿಶಿನ್ ಮಾರು ಹಡಗಿನ ಫೋಟೊ ನೀವೂ ನೋಡಿರಬಹುದು. ಅದರ ಪಕ್ಕೆಯ ಮೇಲೆ ದೂರದಿಂದಲೇ ಕಾಣುವಷ್ಟು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ‘ರಿಸರ್ಚ್’ ಎಂದು ಬರೆದಿತ್ತು. ಹಿಂಭಾಗದಲ್ಲಿ ನೀರಿನವರೆಗೆ ಇಳಿಯುವ ಒಂದು ಇಳಿಜಾರು. ಈಟಿ ಹೊಡೆದು ಕೊಂದ ತಿಮಿಂಗಿಲವನ್ನು ಆ ಇಳಿಜಾರಿನಿಂದಲೇ ಡೆಕ್ಕಿಗೆ ಎಳೆಯುತ್ತಿದ್ದರು. ಉದ್ದ ಅಳೆಯುತ್ತಿದ್ದರು. ಹೊಟ್ಟೆ ಸೀಳಿ ಏನು ತಿಂದಿದೆ ಎಂದು ನೋಡುತ್ತಿದ್ದರು. ಕಿವಿಯೊಳಗಿನ ಗುಗ್ಗೆ ತೆಗೆದಿಡುತ್ತಿದ್ದರು. ಆಮೇಲೆ ಮಾಂಸ ಕತ್ತರಿಸಿ, ಹೆಪ್ಪುಗಟ್ಟಿಸಿ, ಪೆಟ್ಟಿಗೆಗೆ ತುಂಬುತ್ತಿದ್ದರು. ಹಡಗು ಊರಿಗೆ ಮರಳಿದ ಮೇಲೆ ಆ ಪೆಟ್ಟಿಗೆಗಳು ಮಾರುಕಟ್ಟೆಗೆ ಹೋಗುತ್ತಿದ್ದವು.

ಇದು ಪ್ರಯೋಗಾಲಯವೋ, ಕಸಾಯಿಖಾನೆಯೋ ಎಂದು ವರ್ಷಗಟ್ಟಲೆ ಜಗಳ ನಡೆಯಿತು. ಬರೀ ನಾಟಕ ಎಂದರು ಒಂದು ಕಡೆಯವರು. ದನದ ಮಾಂಸ ತಿನ್ನುವವರು ತಿಮಿಂಗಿಲಕ್ಕೆ ಯಾಕೆ ಅಳಬೇಕು ಎಂದು ಇನ್ನೊಂದು ಕಡೆಯವರು ಕೇಳಿದರು. ಎರಡರಲ್ಲೂ ಒಂದಿಷ್ಟು ಸತ್ಯ ಇದೆ. ಆದರೆ ಈ ಜಗಳದಲ್ಲಿ ನನ್ನ ಗಮನ ಹಿಡಿದದ್ದು ಒಂದು ಅಂಕಿ. ಸಂಶೋಧನೆಗೆಂದು ಕೊಲ್ಲಲು ಜಪಾನ್ ಇಟ್ಟುಕೊಂಡಿದ್ದ ಗುರಿ ವರ್ಷಕ್ಕೆ ಸುಮಾರು 850 ಮಿಂಕಿ ಎಂಬ ಜಾತಿಯ ತಿಮಿಂಗಿಲ. ಯಾಕೆ 850? 400 ಯಾಕಲ್ಲ? 40 ಯಾಕಲ್ಲ? ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2014ರಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಕಥೆ ಶುರುವಾಗುವುದು 1946ರ ಒಂದು ಒಪ್ಪಂದದಿಂದ. ತಿಮಿಂಗಿಲ ಬೇಟೆಯಾಡುತ್ತಿದ್ದ ದೇಶಗಳು ವಾಷಿಂಗ್ಟನ್‌ನಲ್ಲಿ ಸೇರಿ ಬೇಟೆಗೆ ನಿಯಮ ಹಾಕಿಕೊಂಡವು. ಅದರ ಎಂಟನೇ ವಿಧಿಯಲ್ಲಿ ಒಂದು ಸಣ್ಣ ಬಾಗಿಲು ಇತ್ತು. ವೈಜ್ಞಾನಿಕ ಸಂಶೋಧನೆಗಾಗಿ ತಿಮಿಂಗಿಲ ಕೊಲ್ಲಲು ಆಯಾ ಸರ್ಕಾರವೇ ತನ್ನವರಿಗೆ ಪರವಾನಗಿ ಕೊಡಬಹುದು. ಕೊಂದದ್ದನ್ನು ಸುಮ್ನೆ ಎಸೆಯದೆ ಆದಷ್ಟು ಬಳಸಿಕೊಳ್ಳಬೇಕು ಎಂದೂ ಅಲ್ಲೇ ಬರೆದಿದೆ. ಹಾಗಾಗಿ ಮಾಂಸ ಮಾರಿದ್ದು ಕಾನೂನಿನ ಪ್ರಕಾರ ತಪ್ಪಲ್ಲ. ಜಪಾನನ್ನು ಬೈಯುವವರು ಈ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಅಂತರರಾಷ್ಟ್ರೀಯ ತಿಮಿಂಗಿಲ ಬೇಟೆ ಆಯೋಗ 1982ರಲ್ಲಿ ವ್ಯಾಪಾರದ ಬೇಟೆಗೆ ತಡೆ ಹಾಕುವ ತೀರ್ಮಾನ ಮಾಡಿತು. ಭಾರತ ಆ ಆಯೋಗಕ್ಕೆ ಸೇರಿ ಆಗ ಒಂದು ವರ್ಷವಷ್ಟೇ ಆಗಿತ್ತು. 1985-86ರಿಂದ ತಡೆ ಜಾರಿಗೆ ಬಂತು. 1987ರಲ್ಲಿ ಟೋಕಿಯೊದಲ್ಲಿ ತಿಮಿಂಗಿಲ ಸಂಶೋಧನಾ ಸಂಸ್ಥೆ ಹುಟ್ಟಿತು. ಅದೇ ವರ್ಷ ಅಂಟಾರ್ಕ್ಟಿಕಾ ಕಡೆ ಸಂಶೋಧನಾ ಬೇಟೆಯೂ ಹೊರಟಿತು. ಮುಂಬಾಗಿಲು ಮುಚ್ಚಿದ ಕೂಡಲೇ ಹಿತ್ತಲ ಬಾಗಿಲು ತೆರೆದ ಹಾಗೆ. ಜಾರ್ಪಾ ಎಂಬ ಹೆಸರಿನ ಆ ಕಾರ್ಯಕ್ರಮ 18 ವರ್ಷ ನಡೆಯಿತು. 6,700ಕ್ಕೂ ಹೆಚ್ಚು ಮಿಂಕಿಗಳು ಸತ್ತವು. ಮೊದಲು ವರ್ಷಕ್ಕೆ 300 ಎಂದಿದ್ದ ಗುರಿ ಆಮೇಲೆ 400 ಆಯಿತು. 2005ರಲ್ಲಿ ಎರಡನೇ ಜಾರ್ಪಾ ಬಂದಾಗ ಒಮ್ಮೆಲೇ 850ಕ್ಕೆ ಏರಿತು. ಜೊತೆಗೆ ಬೇರೆ ಎರಡು ಜಾತಿಯ ತಿಮಿಂಗಿಲ, 50 ಫಿನ್, 50 ಹಂಪ್‌ಬ್ಯಾಕ್. ಮೊದಲ ಕಾರ್ಯಕ್ರಮದಿಂದ ಏನು ಗೊತ್ತಾಯಿತು ಎಂಬ ಅಂತಿಮ ವಿಮರ್ಶೆ ಇನ್ನೂ ಮುಗಿದಿರಲಿಲ್ಲ. ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಮುಂದಿನ ತರಗತಿಗೆ ಹೋಗಿ ಕೂತ ಹಾಗೆ, ಅಲ್ವಾ?

2010ರಲ್ಲಿ ಆಸ್ಟ್ರೇಲಿಯಾ ಮೊಕದ್ದಮೆ ಹೂಡಿತು. ನ್ಯೂಜಿಲೆಂಡ್ ಕೈಜೋಡಿಸಿತು. 2014ರ ಮಾರ್ಚ್ 31ರಂದು 12-4ರ ಬಹುಮತದ ತೀರ್ಪು ಬಂತು. ಪೀಠದಲ್ಲಿದ್ದ ಭಾರತದ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಬಹುಮತದ ಕಡೆ ಇದ್ದರು. ವಿಜ್ಞಾನ ಅಂದರೆ ಏನು ಎಂದು ವ್ಯಾಖ್ಯಾನ ಕೊಡುವ ಗೊಡವೆಗೆ ನ್ಯಾಯಾಲಯ ಹೋಗಲಿಲ್ಲ. ಅದು ಜಾಣತನ ಎಂದೇ ನನಗನಿಸುತ್ತದೆ. ಅದು ಕೇಳಿದ್ದು ಸರಳ ಪ್ರಶ್ನೆ. ನೀವು ಹೇಳುವ ಉದ್ದೇಶಕ್ಕೂ ನೀವು ಮಾಡುತ್ತಿರುವ ಕೆಲಸಕ್ಕೂ ತಾಳೆ ಆಗುತ್ತದಾ?

ತಾಳೆ ನೋಡಲು ಕೂತಾಗ ಎಳೆ ಬಿಚ್ಚತೊಡಗಿತು. ಮಿಂಕಿ, ಫಿನ್, ಹಂಪ್‌ಬ್ಯಾಕ್ ಈ ಮೂರೂ ಆಹಾರಕ್ಕಾಗಿ ಹೇಗೆ ಪೈಪೋಟಿ ಮಾಡುತ್ತವೆ ಎಂದು ತಿಳಿಯುವುದು ಕಾರ್ಯಕ್ರಮದ ದೊಡ್ಡ ಗುರಿಗಳಲ್ಲೊಂದು. ಆದರೆ ಹಂಪ್‌ಬ್ಯಾಕ್ ಒಂದನ್ನೂ ಹಿಡಿಯಲಿಲ್ಲ. ತಿಮಿಂಗಿಲ ಬೇಟೆ ಆಯೋಗದ ಅಧ್ಯಕ್ಷರ ಕೋರಿಕೆಗೆ ಮಣಿದು ಅದನ್ನು ಕೈಬಿಟ್ಟಿದ್ದರು. ಫಿನ್ ತಿಮಿಂಗಿಲ ವರ್ಷಕ್ಕೆ 50 ಬೇಕು ಎಂದವರು ಏಳು ಋತುಗಳಲ್ಲಿ ಹಿಡಿದದ್ದು ಒಟ್ಟು 18. ದೊಡ್ಡ ಫಿನ್ ತಿಮಿಂಗಿಲವನ್ನು ಮೇಲೆಳೆಯುವ ತಾಕತ್ತೇ ನಿಶಿನ್ ಮಾರುವಿಗೆ ಇರಲಿಲ್ಲ! ಮಿಂಕಿಯದೂ ಅದೇ ಪಾಡು. ಮೊದಲ ಋತುವಿನಲ್ಲಿ 853 ಹಿಡಿದರು. 2012-13ರಲ್ಲಿ 103ಕ್ಕೆ ಇಳಿಯಿತು. ಬೇಟೆ ವಿರೋಧಿಗಳ ದೋಣಿಗಳು ಅಡ್ಡ ಬಂದದ್ದು ಒಂದು ಕಾರಣ.

ಇಷ್ಟಾದರೂ ಯೋಜನೆಯಲ್ಲಿ ಒಂದು ಸಾಲೂ ಬದಲಾಗಲಿಲ್ಲ. ಕಡಿಮೆ ಸಿಕ್ಕರೂ ಉಪಯುಕ್ತ ಮಾಹಿತಿ ಬರುತ್ತದೆ ಎಂದು ಜಪಾನ್ ವಾದಿಸಿತು. ನ್ಯಾಯಾಲಯ ಆ ಮಾತನ್ನೇ ಹಿಡಿದುಕೊಂಡಿತು. ಕಡಿಮೆಯಲ್ಲೇ ಆಗುತ್ತದೆ ಅಂದರೆ ಜಾಸ್ತಿ ಯಾಕೆ ಕೇಳಿದಿರಿ? ಜಾಸ್ತಿ ಬೇಕೇ ಬೇಕು ಅಂದರೆ ಇಷ್ಟು ವರ್ಷ ಕಡಿಮೆಯಲ್ಲಿ ಏನು ಸಾಧಿಸಿದಿರಿ? ಎರಡು ಕಡೆಯೂ ಗೋಡೆ. ಸಂಖ್ಯೆ ಹೇಗೆ ಲೆಕ್ಕ ಹಾಕಿದರು ಎಂಬ ವಿವರಣೆ ಯಾವಾಗಲೂ ಸ್ಪಷ್ಟವಾಗಿರಲಿಲ್ಲ ಎಂದು ಜಪಾನ್ ತಾನೇ ಕರೆತಂದಿದ್ದ ನಾರ್ವೆಯ ತಜ್ಞ ಲಾರ್ಸ್ ವಲ್ಲೊಯೆ ಒಪ್ಪಿಕೊಳ್ಳಬೇಕಾಯಿತು. ಅಷ್ಟರಲ್ಲಿ ಸುಮಾರು 3,600 ಮಿಂಕಿಗಳನ್ನು ಕೊಂದಾಗಿತ್ತು. ಬೇರೆ ವಿಜ್ಞಾನಿಗಳು ಪರಿಶೀಲಿಸಿ ಒಪ್ಪಿದ ಪ್ರಬಂಧ ಎಂದು ತೋರಿಸಲು ಜಪಾನಿನ ಬಳಿ ಇದ್ದದ್ದು ಎರಡು. ಅವೆರಡೂ ಸೇರಿ ಬಳಸಿದ್ದು ಒಂಬತ್ತು ತಿಮಿಂಗಿಲಗಳ ಮಾಹಿತಿ. ಅವೂ ಕಾರ್ಯಕ್ರಮದ ಘೋಷಿತ ಗುರಿಗಳಿಗೆ ಸಂಬಂಧಪಟ್ಟವಲ್ಲ.

2012ರಲ್ಲಿ ಜಪಾನಿನ ಮೀನುಗಾರಿಕೆ ಇಲಾಖೆಯ ಮುಖ್ಯಸ್ಥರು ಸಂಸತ್ತಿನ ಸಮಿತಿಯ ಮುಂದೆ ಆಡಿದ ಮಾತೂ ತೀರ್ಪಿನಲ್ಲಿ ಸೇರಿಕೊಂಡಿತು. ಮಿಂಕಿ ಮಾಂಸಕ್ಕೆ ಒಳ್ಳೆಯ ರುಚಿ, ಪರಿಮಳ ಇದೆ, ಹಸಿಯಾಗಿ ಸಾಶಿಮಿ ಮಾಡಿ ತಿನ್ನಲು ಬೆಲೆ ಜಾಸ್ತಿ, ಅದರ ಪೂರೈಕೆ ನಿಲ್ಲಬಾರದು ಎಂದರೆ ಅಂಟಾರ್ಕ್ಟಿಕಾ ಕಾರ್ಯಕ್ರಮ ಬೇಕು ಎಂಬ ಅರ್ಥದ ಮಾತು. 850 ಯಾಕೆ ಎಂಬ ಪ್ರಶ್ನೆಗೆ ಅಷ್ಟು ವರ್ಷಗಳಲ್ಲಿ ಸಿಕ್ಕ ಅತ್ಯಂತ ಪ್ರಾಮಾಣಿಕ ಉತ್ತರ ಅದೇ ಇರಬೇಕು.

ಆದರೂ ಜಪಾನಿನ ವಿಜ್ಞಾನಿಗಳ ವಾದದಲ್ಲಿ ಹುರುಳೇ ಇರಲಿಲ್ಲ ಎನ್ನುವಂತಿಲ್ಲ. ಅವರ ಗಟ್ಟಿ ವಾದ ಗುಗ್ಗೆಯದು. ತಿಮಿಂಗಿಲದ ಕಿವಿಯಲ್ಲಿ ಗುಗ್ಗೆ ಪದರ ಪದರವಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಮರದ ಕಾಂಡದ ಉಂಗುರ ಎಣಿಸುವ ಹಾಗೆ ಅದನ್ನು ಎಣಿಸಿದರೆ ವಯಸ್ಸು ಗೊತ್ತಾಗುತ್ತದೆ. ವಯಸ್ಸು ಗೊತ್ತಿಲ್ಲದೆ ಯಾವ ಪ್ರಾಣಿಯ ಸಂತತಿ ಏರುತ್ತಿದೆ, ಇಳಿಯುತ್ತಿದೆ ಎಂದು ಹೇಳುವುದು ಕಷ್ಟ. ಬದುಕಿರುವ ತಿಮಿಂಗಿಲದ ಕಿವಿಗೆ ಕೈ ಹಾಕಲು ಆಗುವುದಿಲ್ಲ. ಆದ್ದರಿಂದ ಕೊಲ್ಲಲೇಬೇಕು. ಹಲವು ದಶಕ ಈ ವಾದಕ್ಕೆ ಸರಿಯಾದ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದೂ 2014ರಲ್ಲೇ. ಅದೂ ದಾವೆ ಹೂಡಿದ್ದ ಆಸ್ಟ್ರೇಲಿಯಾದಿಂದ. ವಯಸ್ಸಾದ ಹಾಗೆ ಡಿಎನ್‌ಎ ಮೇಲೆ ಕೆಲವು ರಾಸಾಯನಿಕ ಗುರುತುಗಳು ಬದಲಾಗುತ್ತವೆ. ಸಣ್ಣ ಬಾಣದಂಥ ಸಾಧನದಿಂದ ಹಂಪ್‌ಬ್ಯಾಕ್‌ನ ಚರ್ಮದ ಚೂರೊಂದನ್ನು ತೆಗೆದು, ಆ ಗುರುತುಗಳನ್ನು ಓದಿ, ಸರಾಸರಿ ಮೂರು ವರ್ಷದ ಹೆಚ್ಚುಕಡಿಮೆಯಲ್ಲಿ ವಯಸ್ಸು ಹೇಳುವ ವಿಧಾನವನ್ನು ಅಲ್ಲಿನ ಅಂಟಾರ್ಕ್ಟಿಕ್ ಸಂಶೋಧಕರು ಪ್ರಕಟಿಸಿದರು.

ಹೊಟ್ಟೆ ಸೀಳುವ ಲೆಕ್ಕವೂ ಹೀಗೇ ತಲೆಕೆಳಗಾಯಿತು. ಸತ್ತ ತಿಮಿಂಗಿಲದ ಹೊಟ್ಟೆ ಅದು ಕೊನೆಗೆ ಏನು ತಿಂದಿತ್ತು ಎಂದು ಹೇಳುತ್ತದೆ. ದಿನಕ್ಕೆ ಎಷ್ಟು ತಿನ್ನುತ್ತದೆ ಎಂದು ಹೇಳುವುದಿಲ್ಲ. ಅದನ್ನು ಊಹಿಸಬೇಕಿತ್ತು. 2021ರಲ್ಲಿ ಮ್ಯಾಥ್ಯೂ ಸವೋಕಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು 321 ತಿಮಿಂಗಿಲಗಳ ಬೆನ್ನಿಗೆ ಅಂಟಿಸಿದ್ದ ಸಾಧನಗಳ ಮಾಹಿತಿ ಒಟ್ಟುಗೂಡಿಸಿದರು. ಯಾವಾಗ ಮುಳುಗಿತು, ಎಷ್ಟು ಸಲ ಬಾಯಿ ತೆರೆದು ನುಗ್ಗಿತು, ಆ ಜಾಗದಲ್ಲಿ ಆಹಾರ ಎಷ್ಟು ದಟ್ಟವಾಗಿತ್ತು, ಎಲ್ಲ ಲೆಕ್ಕ ಹಾಕಿದರು. ಹಿಂದಿನ ಅಂದಾಜಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ತಿನ್ನುತ್ತವೆ ಎಂದು ಗೊತ್ತಾಯಿತು. ಉತ್ತರ ಪೆಸಿಫಿಕ್‌ನ ಒಂದು ನೀಲಿ ತಿಮಿಂಗಿಲ ಊಟದ ದಿನಗಳಲ್ಲಿ ತಿನ್ನುವುದು 16 ಟನ್ ಕ್ರಿಲ್, ಸಿಗಡಿಯಂಥ ಪುಟ್ಟ ಜೀವಿ.

ಇದನ್ನು ಓದಿದಾಗ ಒಂದು ಕ್ಷಣ ಜಪಾನಿನ ಹಳೆಯ ವಾದ ನೆನಪಾಗುತ್ತದೆ. ತಿಮಿಂಗಿಲಗಳು ಇಷ್ಟು ತಿಂದರೆ ಕಡಲಲ್ಲಿ ನಮಗೇನು ಉಳಿಯುತ್ತದೆ? ಆದರೆ ಇಲ್ಲೊಂದು ಸೋಜಿಗ ಇದೆ. ಕಳೆದ ಶತಮಾನದಲ್ಲಿ ಹತ್ತಿರ ಹತ್ತಿರ 30 ಲಕ್ಷ ತಿಮಿಂಗಿಲಗಳನ್ನು ಕೊಂದೆವು. ತಿನ್ನುವವರು ಕಡಿಮೆಯಾದರೆ ಕ್ರಿಲ್ ತುಂಬಿ ತುಳುಕಬೇಕಿತ್ತು. ದಕ್ಷಿಣ ಸಾಗರದಲ್ಲಿ ಹಾಗಾಗಲಿಲ್ಲ. ತಿಮಿಂಗಿಲದ ಸಗಣಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅದು ಮೇಲ್ಪದರದ ನೀರಿಗೆ ಗೊಬ್ಬರ. ಆ ಗೊಬ್ಬರದಿಂದ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವನ್ನು ಕ್ರಿಲ್ ತಿನ್ನುತ್ತದೆ. ದನ ಮೇದರೆ ಹುಲ್ಲು ಖಾಲಿ ಎನ್ನುವವರು ಸಗಣಿ ಬಿದ್ದ ಗದ್ದೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಗಣಿಯ ಮಾತು ಬಂದದ್ದರಿಂದ ಇನ್ನೊಂದು ಪ್ರಸಂಗ ಹೇಳಲೇಬೇಕು. ತಿಮಿಂಗಿಲ ವಿಜ್ಞಾನದಲ್ಲಿ ನನಗೆ ಅತ್ಯಂತ ಇಷ್ಟದ್ದು ಇದು. ಬಾಸ್ಟನ್‌ನ ರೋಸಲಿಂಡ್ ರೋಲಂಡ್ ಎಂಬ ವಿಜ್ಞಾನಿ ಕೆನಡಾದ ಫಂಡಿ ಕೊಲ್ಲಿಯಲ್ಲಿ ರೈಟ್ ತಿಮಿಂಗಿಲಗಳ ಸಗಣಿ ಸಂಗ್ರಹಿಸುತ್ತಿದ್ದರು. ಅದು ನೀರಿನ ಮೇಲೆ ತೇಲುತ್ತದೆ. ಹುಡುಕಲು ನಾಯಿಗಳನ್ನೂ ಬಳಸಿಕೊಂಡರು. ಫಾರ್ಗೋ ಎಂಬ ರಾಟ್‌ವೈಲರ್ ದೋಣಿಯ ಮೂತಿಯಲ್ಲಿ ನಿಂತು ವಾಸನೆ ಹಿಡಿದು ದಿಕ್ಕು ತೋರಿಸುತ್ತಿತ್ತು. ಸಗಣಿಯಲ್ಲಿ ಹಾರ್ಮೋನುಗಳು ಸಿಗುತ್ತವೆ. ಪ್ರಾಣಿ ಎಷ್ಟು ಒತ್ತಡದಲ್ಲಿದೆ ಎಂದು ಅವುಗಳಿಂದ ತಿಳಿಯಬಹುದು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆಲವು ದಿನ ಆ ಕಡಲಲ್ಲಿ ಹಡಗುಗಳ ಓಡಾಟ ಇಳಿದುಹೋಯಿತು. ಮನುಷ್ಯರು ದಿಗಿಲುಬಿದ್ದಿದ್ದ ಆ ದಿನಗಳಲ್ಲಿ ನೀರಿನಡಿಯ ಸದ್ದು 6 ಡೆಸಿಬಲ್ ಇಳಿದಿತ್ತು. ತಿಮಿಂಗಿಲಗಳ ಒತ್ತಡದ ಹಾರ್ಮೋನುಗಳೂ ಇಳಿದಿದ್ದವು. ಮುಂದಿನ ವರ್ಷಗಳ ಅದೇ ತಿಂಗಳ ಮಾದರಿಗಳಲ್ಲಿ ಆ ಇಳಿಕೆ ಇರಲಿಲ್ಲ. 2012ರಲ್ಲಿ ಇದು ಪ್ರಕಟವಾಯಿತು. ಹಡಗಿನ ಸದ್ದು ತಿಮಿಂಗಿಲವನ್ನು ಸದಾ ಕಾಡುತ್ತಿದೆ ಎಂಬುದಕ್ಕೆ ಸಿಕ್ಕ ಮೊದಲ ನೇರ ಪುರಾವೆಗಳಲ್ಲಿ ಇದೊಂದು. ಯಾರೂ ಯೋಜಿಸದೆ ಆದ ಪ್ರಯೋಗ, ಸಿಕ್ಕಿದ್ದು ಸಗಣಿಯಲ್ಲಿ.

ಹಾಗಂತ ಕೊಲ್ಲದ ಸಂಶೋಧನೆಯೆಲ್ಲ ಸಾಧು ಎಂದುಕೊಳ್ಳಬೇಡಿ. 2016ರಲ್ಲಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಎಲ್95 ಎಂಬ ಓರ್ಕಾ (ಕಿಲ್ಲರ್ ವೇಲ್) ಸತ್ತು ಸಿಕ್ಕಿತು. ಅದರ ಬೆನ್ನರೆಕ್ಕೆಗೆ ಚುಚ್ಚಿದ್ದ ಉಪಗ್ರಹ ಸಾಧನದ ಗಾಯದಿಂದ ಶಿಲೀಂಧ್ರ ಸೋಂಕು ತಗುಲಿತ್ತು. ತೀರಾ ಕಡಿಮೆ ಸಂಖ್ಯೆಯಲ್ಲಿ ಉಳಿದಿರುವ ಗುಂಪಿಗೆ ಸೇರಿದ್ದ ಪ್ರಾಣಿ ಅದು. ನಾರ್ವೆಯಲ್ಲಿ ಮಿಂಕಿಗಳಿಗೆ ಎಂಥ ಸದ್ದು ಕೇಳುತ್ತದೆ ಎಂದು ತಿಳಿಯಲು ಮರಿ ಮಿಂಕಿಗಳನ್ನು ಬಲೆಯಲ್ಲಿ ತಡೆದು ಪರೀಕ್ಷೆ ಮಾಡಿದರು. ಅವು ನಾವು ಅಂದುಕೊಂಡದ್ದಕ್ಕಿಂತ ಬಹಳ ತೀಕ್ಷ್ಣವಾದ, 90 ಕಿಲೋಹರ್ಟ್ಸ್‌ವರೆಗಿನ ಸದ್ದನ್ನೂ ಕೇಳಬಲ್ಲವು ಎಂದು ಗೊತ್ತಾಯಿತು. ಒಳ್ಳೆಯ ಫಲಿತಾಂಶವೇ. ಆದರೆ 2024ರ ಜೂನ್‌ನಲ್ಲಿ ಆ ಬಲೆಗೆ ಸಿಕ್ಕಿ ಒಂದು ಮಿಂಕಿ ಸತ್ತಿತು.

ಇನ್ನು ಸತ್ತ ತಿಮಿಂಗಿಲದಿಂದ ಏನೂ ಕಲಿಯಲಾಗದು ಎಂಬ ಮಾತನ್ನು ಅರಬ್ಬಿ ಸಮುದ್ರವೇ ಸುಳ್ಳು ಮಾಡುತ್ತದೆ. ಇಲ್ಲಿ ಕಥೆ ನಮ್ಮ ಹಿತ್ತಲಿಗೇ ಬರುತ್ತದೆ. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟ ಲೆಕ್ಕ ತೋರಿಸದೆ ಸುಮಾರು 1.8 ಲಕ್ಷ ತಿಮಿಂಗಿಲಗಳನ್ನು ಕೊಂದಿತು. ಆಯೋಗಕ್ಕೆ ಕೊಟ್ಟದ್ದು ಸುಳ್ಳು ಅಂಕಿ. 1960ರ ದಶಕದಲ್ಲಿ ಅದರ ಹಡಗುಗಳು ಅರಬ್ಬಿ ಸಮುದ್ರಕ್ಕೂ ಬಂದವು. ಒಮಾನ್, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ಕರಾವಳಿಯಾಚೆ 242 ಹಂಪ್‌ಬ್ಯಾಕ್‌ಗಳನ್ನು ಕೊಂದವು. ಹೆಚ್ಚಿನವು ಸತ್ತದ್ದು 1966ರ ನವೆಂಬರ್ ಒಂದೇ ತಿಂಗಳಲ್ಲಿ. ಯೂರಿ ಮಿಖಲೆವ್ ಎಂಬ ಜೀವವಿಜ್ಞಾನಿಯ ಬಳಿ ನಿಜವಾದ ದಾಖಲೆ ಇತ್ತು. 1997ರಲ್ಲಿ ಅವರು ಅದನ್ನು ಪ್ರಕಟಿಸಿದರು.

ಆ ದಾಖಲೆಯಲ್ಲಿ ಹೊಟ್ಟೆಯೊಳಗಿನ ಮರಿಗಳ ಅಳತೆ ಇತ್ತು. ಏನು ತಿಂದಿದ್ದವು ಎಂಬುದೂ ಇತ್ತು. ಬೇರೆ ಎಲ್ಲ ಹಂಪ್‌ಬ್ಯಾಕ್‌ಗಳು ತಿನ್ನಲು ಧ್ರುವದ ಕಡೆ ಹೋಗಿ, ಮರಿ ಹಾಕಲು ಬೆಚ್ಚಗಿನ ನೀರಿಗೆ ಬರುತ್ತವೆ. ನಮ್ಮ ಕಡಲಿನವು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ತಿಂದು ಇಲ್ಲೇ ಮರಿ ಹಾಕುತ್ತವೆ ಎಂದು ಆ ಅಂಕಿಗಳು ಹೇಳಿದವು. ಯಾಕೆ ಹೋಗಬೇಕು? ನಮ್ಮ ಗದ್ದೆಗೆ ನೀರು ತರುವ ಮುಂಗಾರಿನ ಗಾಳಿಯೇ ಒಮಾನ್ ಕರಾವಳಿಯಲ್ಲಿ ಅಡಿಯ ತಣ್ಣೀರನ್ನು ಮೇಲೆ ತರುತ್ತದೆ. ಆ ನೀರಿನ ಸತ್ವದಿಂದ ಮೀನು ಹೆಚ್ಚುತ್ತದೆ, ತಿಮಿಂಗಿಲಕ್ಕೆ ಊಟ ಮನೆ ಬಾಗಿಲಿಗೇ ಬರುತ್ತದೆ. 2014ರ ತಳಿ ಅಧ್ಯಯನವೊಂದು ಈ ಹಂಪ್‌ಬ್ಯಾಕ್‌ಗಳು ಸುಮಾರು 70 ಸಾವಿರ ವರ್ಷದಿಂದ ಬೇರೆಯವುಗಳ ಜೊತೆ ಬೆರೆತಿಲ್ಲ ಎಂದು ಅಂದಾಜು ಮಾಡಿತು. ಬಾಲದ ಫೋಟೊಗಳನ್ನು ಹೋಲಿಸಿ ಎಣಿಸಿದಾಗ ಒಮಾನ್ ಕಡೆ ಸಿಕ್ಕ ಅಂದಾಜು 82. ಅಂಥ ಗುಂಪಿನಿಂದ 242 ಕೊಂದಿದ್ದರು. ಆ ಮಾಹಿತಿ ಅಮೂಲ್ಯ ಎನ್ನುವಾಗ ನನ್ನ ನಾಲಿಗೆ ತಡವರಿಸುತ್ತದೆ. ಆದರೆ ಅದನ್ನು ಸುಟ್ಟುಹಾಕಿದ್ದರೆ ಸತ್ತ ಆ 242 ತಿಮಿಂಗಿಲಗಳು ಎರಡನೇ ಸಲ ಸತ್ತ ಹಾಗಾಗುತ್ತಿತ್ತು.

2017ರ ಕೊನೆಯಲ್ಲಿ ಲುಬಾನ್ ಎಂಬ ಹೆಣ್ಣು ಹಂಪ್‌ಬ್ಯಾಕ್ ಒಮಾನಿನಿಂದ ಹೊರಟು ಅರಬ್ಬಿ ಸಮುದ್ರ ದಾಟಿ ಭಾರತದ ಕಡೆ ಬಂತು. ಬೆನ್ನಿಗೆ ಉಪಗ್ರಹ ಸಾಧನ ಇತ್ತು. ನಮ್ಮ ಪಶ್ಚಿಮ ಕರಾವಳಿಯಾಚೆ ತಲುಪಿ, ದಕ್ಷಿಣಕ್ಕೆ ತಿರುಗಿ, ದೇಶದ ತುದಿಯವರೆಗೆ ಈಜಿತು. ಆ ಸಾಧನ ಇಲ್ಲದಿದ್ದರೆ ಎರಡು ದಡಗಳ ತಿಮಿಂಗಿಲ ಒಂದೇ ಸಂಸಾರದ್ದು ಎಂದು ನಂಬಿಸುವುದು ಕಷ್ಟವಿತ್ತು.

ಕರ್ನಾಟಕದಲ್ಲಿ ತಿಮಿಂಗಿಲ ಸುದ್ದಿಯಾಗುವುದು ಬೇರೆ ಕಾರಣಕ್ಕೆ. ‘ತಿಮಿಂಗಿಲದ ವಾಂತಿ ಮಾರುತ್ತಿದ್ದವರ ಸೆರೆ’ ಎಂಬ ತಲೆಬರಹ ನೀವೂ ಓದಿರುತ್ತೀರಿ. ಅದು ವಾಂತಿಯಲ್ಲ, ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಗಟ್ಟಿಯಾಗುವ ಅಂಬರ್‌ಗ್ರಿಸ್. ಅಷ್ಟು ಬಿಟ್ಟರೆ ದಡಕ್ಕೆ ಬಂದ ಹೆಣ, ಹೂಳಲು ಜೆಸಿಬಿ, ಸೆಲ್ಫಿ. ನಮ್ಮ ಕಡಲಲ್ಲಿ ಎಷ್ಟು ತಿಮಿಂಗಿಲ, ಎಷ್ಟು ಡಾಲ್ಫಿನ್ ಇವೆ ಎಂದು ಎಣಿಸುವ ಕೆಲಸಕ್ಕೆ ಈಚೆಗೆ ವೇಗ ಬಂದಿದೆ. ಅದಕ್ಕೊಂದು ಕಾರಣ ನಾವು ಅಮೆರಿಕಕ್ಕೆ ಮಾರುವ ಸಿಗಡಿ. ಬಲೆಗೆ ಸಿಕ್ಕಿ ಸಾಯುವ ಕಡಲ ಸಸ್ತನಿಗಳನ್ನು ತಡೆಯುವ ವ್ಯವಸ್ಥೆ ಇದೆ ಎಂದು ತೋರಿಸದಿದ್ದರೆ ನಿಮ್ಮ ಮೀನು ಕೊಳ್ಳುವುದಿಲ್ಲ ಎಂಬ ನಿಯಮವನ್ನು ಅಮೆರಿಕ 2016ರಲ್ಲಿ ಮಾಡಿತು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಎಣಿಕೆಗೆ ಇಳಿಯಿತು. ದುಡ್ಡು ಕಡಲ ಉತ್ಪನ್ನಗಳ ರಫ್ತು ಮಂಡಳಿಯದು. ಇದರಲ್ಲಿ ತಪ್ಪೇನಿಲ್ಲ. ಆದರೆ ಜಪಾನನ್ನು ಕೇಳಿದ ಪ್ರಶ್ನೆಯನ್ನು ಇಲ್ಲೂ ಕೇಳಬೇಕು. ಎಣಿಕೆಯ ಉದ್ದೇಶ ಪ್ರಮಾಣಪತ್ರವೋ, ಪ್ರಾಣಿಯೋ?

ಎಣಿಸುವವರು ಯಾರ ಮಾತು ಕೇಳುತ್ತಾರೆ ಎಂಬುದೂ ಮುಖ್ಯ. 1977ರಲ್ಲಿ ಅಲಾಸ್ಕಾದ ಇನುಪಿಯಾಟ್ ಜನರ ಬೋಹೆಡ್ ತಿಮಿಂಗಿಲದ ಬೇಟೆಯನ್ನು ನಿಲ್ಲಿಸಲು ಆಯೋಗ ತೀರ್ಮಾನಿಸಿತು. ತಿಮಿಂಗಿಲ ತೀರಾ ಕಡಿಮೆ ಉಳಿದಿವೆ ಎಂಬುದು ವಿಜ್ಞಾನಿಗಳ ಲೆಕ್ಕ. ಅವು ಹಿಮದ ಅಡಿಯಲ್ಲೂ ಹೋಗುತ್ತವೆ, ನೀವು ನೋಡುತ್ತಿರುವುದು ತೆರೆದ ನೀರನ್ನು ಮಾತ್ರ ಎಂದರು ಬೇಟೆಗಾರರು. ನೀರಿಗೆ ಮೈಕ್ ಇಳಿಸಿ ಕೇಳಿದ ಮೇಲೆ ಅವರೇ ಸರಿ ಎಂದಾಯಿತು. ಆ ಸಂತತಿ ಈಗ ಹತ್ತು ಸಾವಿರಕ್ಕೂ ಜಾಸ್ತಿ ಇದೆ.

ಜಪಾನ್ ತೀರ್ಪಿಗೆ ಒಂದು ಋತು ತಲೆಬಾಗಿತು. 2015ರಲ್ಲಿ ಹೊಸ ಹೆಸರು, ಹೊಸ ಸಂಖ್ಯೆ: ವರ್ಷಕ್ಕೆ 333. ಕೊಲ್ಲುವ ಅಗತ್ಯ ಸಾಬೀತಾಗಿಲ್ಲ ಎಂದು ಆಯೋಗದ ತಜ್ಞರ ತಂಡ ಹೇಳಿದರೂ ಹಡಗು ಹೊರಟಿತು. 2018ರ ಡಿಸೆಂಬರ್‌ನಲ್ಲಿ ಆಯೋಗದಿಂದಲೇ ಹೊರಬರುವುದಾಗಿ ಸಾರಿದ ಜಪಾನ್, 2019ರ ಜುಲೈ 1ರಿಂದ ತನ್ನ ಕಡಲಲ್ಲಿ ಬಹಿರಂಗವಾಗಿ ವ್ಯಾಪಾರದ ಬೇಟೆ ಶುರುಮಾಡಿತು. 2024ರಲ್ಲಿ ಕಾಂಗೇ ಮಾರು ಎಂಬ ಹೊಸ ಹಡಗು ಬಂತು, ಬೇಟೆಯ ಪಟ್ಟಿಗೆ ಫಿನ್ ತಿಮಿಂಗಿಲವೂ ಸೇರಿತು. ತಿನ್ನುವವರು ಮಾತ್ರ ಕಡಿಮೆ. 1960ರ ದಶಕದ ಆರಂಭದಲ್ಲಿ ಅಲ್ಲಿ ವರ್ಷಕ್ಕೆ 2 ಲಕ್ಷ ಟನ್‌ಗೂ ಜಾಸ್ತಿ ತಿಮಿಂಗಿಲ ಮಾಂಸ ಖರ್ಚಾಗುತ್ತಿತ್ತು. ಈಗ ಸುಮಾರು 2,000 ಟನ್.

ಕುತೂಹಲದ ಸಂಗತಿ ಬೇರೆ ಇದೆ. ಟೋಕಿಯೊದ ಅದೇ ತಿಮಿಂಗಿಲ ಸಂಶೋಧನಾ ಸಂಸ್ಥೆ ಈಗಲೂ ಅಂಟಾರ್ಕ್ಟಿಕಾಕ್ಕೆ ಸಂಶೋಧನೆಗೆ ಹೋಗುತ್ತದೆ. ತಿಮಿಂಗಿಲ ಎಷ್ಟಿವೆ, ಯಾವ ಗುಂಪು ಎಲ್ಲಿಯದು ಎಂದು ನೋಡುತ್ತದೆ. ಕಣ್ಣಳತೆಯಲ್ಲಿ ಎಣಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಚರ್ಮದ ಚೂರು ತೆಗೆಯುತ್ತಾರೆ, ಉಪಗ್ರಹ ಸಾಧನ ಅಂಟಿಸುತ್ತಾರೆ. ಒಂದನ್ನೂ ಕೊಲ್ಲುವುದಿಲ್ಲ. ಮಾಂಸಕ್ಕೆ ಬೇರೆ ದಾರಿ ಸಿಕ್ಕ ಮೇಲೆ ಆ ಕಡಲಲ್ಲಿ ಬೇಕಾದ ಮಾದರಿಯ ಸಂಖ್ಯೆ 850ರಿಂದ ಸೊನ್ನೆಗೆ ಇಳಿಯಿತು.

ಇತ್ತ ಲಕ್ಷದ್ವೀಪದ ಕವರಟ್ಟಿಯಲ್ಲಿ ದಿವ್ಯಾ ಪಣಿಕ್ಕರ್ ಎಂಬ ಸಂಶೋಧಕಿ ಸ್ಥಳೀಯ ಮುಳುಗುಗಾರರ ನೆರವಿನಿಂದ ಕಡಲ ತಳದಲ್ಲಿ ಧ್ವನಿಮುದ್ರಕ ಇಟ್ಟರು. 2018ರ ಕೊನೆಯಿಂದ 2020ರ ಜನವರಿವರೆಗೆ ಅದು ಕೇಳಿಸಿಕೊಳ್ಳುತ್ತಾ ಕೂತಿತ್ತು. ಅದರಲ್ಲಿ ನೀಲಿ ತಿಮಿಂಗಿಲದ ಹಾಡು ಸಿಕ್ಕಿತು. ಶ್ರೀಲಂಕಾ ಕಡೆಯ ತಿಮಿಂಗಿಲಗಳು ಹಾಡುವ ಅದೇ ಧಾಟಿ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಜಾಸ್ತಿ. ಬಹಳ ತಗ್ಗಿನ ಸದ್ದು ಅದು, ವೇಗ ಹೆಚ್ಚಿಸಿ ನುಡಿಸಿದರೆ ನಮಗೆ ಸ್ಪಷ್ಟವಾಗಿ ಕೇಳುತ್ತದೆ. ಅದೇ ದ್ವೀಪಗಳ ನಡುವಿನ ಒಂಬತ್ತು ಡಿಗ್ರಿ ಕಾಲುವೆಯಲ್ಲಿ ಹಗಲು ರಾತ್ರಿ ಸರಕು ಹಡಗುಗಳು ಓಡಾಡುತ್ತವೆ. ಅವುಗಳ ಎಂಜಿನ್ ಸದ್ದೂ ಅದೇ ತಗ್ಗಿನ ಪಟ್ಟಿಯಲ್ಲಿ ಬರುತ್ತದೆ.